ಶಾಲೆಯ ‘ಬರ್ಡ್ ಚೆರಿ’ ಮರ: ಬೋರ್ಡಿನಲ್ಲಿ ಯಾವ ಹೆಸರು ಬರೆಯಬೇಕು?

ಹಿರಿಯೂರು ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟಾಗಿ ನಿಮ್ಮ ಸಹಾಯ ಬೇಕು. ಶನಿವಾರದೊಳಗೆ ಉತ್ತರ ಸಿಕ್ಕರೆ ಒಂದು ಮರ ಉಳಿಯಬಹುದು.

ನಾನು ಹಿರಿಯೂರು ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಅಂಗಳದಲ್ಲಿ 11 ಮರಗಳಿವೆ. ಒಂದೊಂದಕ್ಕೂ ಮಕ್ಕಳ ಕೈಯಲ್ಲೇ ತಗಡಿನ ಬೋರ್ಡ್ ಬರೆಸುತ್ತಿದ್ದೇವೆ. ಮೇಲೆ ಕನ್ನಡದ ಹೆಸರು, ಕೆಳಗೆ ಸಸ್ಯಶಾಸ್ತ್ರದ ಹೆಸರು. ಬೇವು, ಹೊಂಗೆ, ನೇರಳೆ, ಹುಣಸೆ ಎಲ್ಲ ಸಲೀಸಾಗಿ ಆದವು. ನಲ್ಲಿ ಪಕ್ಕದ ಮರದ ಹತ್ತಿರ ಬಂದಾಗ ಎಡವಿದೆ. ಸಸಿ ಕೊಟ್ಟವರು ಅದನ್ನು ‘ಬರ್ಡ್ ಚೆರಿ’ ಎಂದಿದ್ದರು. ಮೊಬೈಲಿನಲ್ಲಿ ಹುಡುಕಿದೆ. ಬರ್ಡ್ ಚೆರಿ ಅಂದರೆ ಪ್ರೂನಸ್ ಪಾಡಸ್ ಎಂದು ಬಂತು. ಹಾಗೇ ಬರೆಸಿ ಕಟ್ಟಿಸಿದೆ.

ಮೂರೇ ದಿನ. ನಮ್ಮ ಶಾಲೆಯ ಒಬ್ಬ ಹುಡುಗಿಯ ತಂದೆ ಬೋರ್ಡ್ ನೋಡಿ ಅದೇ ಹೆಸರು ಹುಡುಕಿದ್ದಾರೆ. ‘ಬೀಜ, ಎಲೆ, ತೊಗಟೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶ ಇದೆ’ ಎಂದು ಓದಿದ್ದಾರೆ. ಮರುದಿನವೇ ಶಾಲೆಗೆ ಬಂದು ಮರ ಕಡಿಸಿ ಎಂದರು. ಮಕ್ಕಳು ದಿನಾ ಅದರ ಹಣ್ಣು ತಿನ್ನುತ್ತಾರೆ, ಹಾಗಾಗಿ ಅವರ ಭಯ ನನಗೆ ಅರ್ಥವಾಗುತ್ತದೆ. ಶನಿವಾರ ಎಸ್‌ಡಿಎಂಸಿ, ಅಂದರೆ ಶಾಲೆಯ ಅಭಿವೃದ್ಧಿ ಸಮಿತಿಯ ಸಭೆ. ಅಲ್ಲಿ ಇದೇ ಮೊದಲ ವಿಷಯ.

ಮರದ ಗುರುತು ಹೇಳುತ್ತೇನೆ. ಸುಮಾರು 20 ಅಡಿ ಎತ್ತರ. ಕೊಂಬೆಗಳು ಕೊಡೆಯ ಹಾಗೆ ಅಡ್ಡಕ್ಕೆ ಹರಡಿವೆ. ಎಲೆ ಮುಟ್ಟಿದರೆ ಅಂಟಂಟು. ಬಿಳಿ ಹೂವು, ಐದು ಎಸಳು. ಹಣ್ಣು ಗೋಲಿಗಿಂತ ಚಿಕ್ಕದು, ಕೆಂಪು, ಸಕ್ಕರೆಯಂಥ ಸಿಹಿ. ಹೆಚ್ಚು ಕಮ್ಮಿ ವರ್ಷವಿಡೀ ಹಣ್ಣು ಇರುತ್ತದೆ.

ಹಿತ್ತಲ ಸುಮ

ಮೇಷ್ಟ್ರೇ, ಅದು ಗಸಗಸೆ ಹಣ್ಣಿನ ಮರ! ಅಂಟು ಎಲೆ ಅಂದಾಗಲೇ ಗೊತ್ತಾಯಿತು. ಮೈಸೂರಿನ ನಮ್ಮ ಮನೆ ಹಿಂದೆ 15 ವರ್ಷದಿಂದ ಇದೆ. ನನ್ನ ಇಬ್ಬರು ಮಕ್ಕಳೂ ಅದರ ಹಣ್ಣು ತಿಂದೇ ಬೆಳೆದವರು. ಕೆಲವರು ಸಿಂಗಾಪುರ ಚೆರಿ ಅಂತಲೂ ಕರೆಯುತ್ತಾರೆ. ದಯವಿಟ್ಟು ಕಡಿಸಬೇಡಿ.

ಕೆಂಪುಮಣ್ಣು

ಸುಮಕ್ಕ, ಒಂದು ನಿಮಿಷ. ಬರ್ಡ್ ಚೆರಿಯ ಸಸ್ಯಶಾಸ್ತ್ರದ ಹೆಸರು ಪ್ರೂನಸ್ ಏವಿಯಂ ಅಲ್ವಾ? ಲ್ಯಾಟಿನ್‌ನಲ್ಲಿ ‘ಏವಿಯಂ’ ಅಂದರೆ ‘ಹಕ್ಕಿಗಳ’ ಎಂದು ಅರ್ಥ. ಹೆಸರಿನಲ್ಲೇ ಹಕ್ಕಿ ಇದೆ. ಮೇಷ್ಟ್ರು ಪಾಡಸ್ ಎಂದು ಬರೆದದ್ದು ತಪ್ಪು, ಏವಿಯಂ ಎಂದು ತಿದ್ದಿದರೆ ಸಾಕು ಅಂತ ನನ್ನ ಅಭಿಪ್ರಾಯ.

ಔಲು ಕನ್ನಡಿಗ

ನಾನು ಫಿನ್‌ಲೆಂಡಿನ ಔಲುವಿನಲ್ಲಿ ಇದ್ದೇನೆ. ನಿಜವಾದ ಬರ್ಡ್ ಚೆರಿ, ಅಂದರೆ ಪ್ರೂನಸ್ ಪಾಡಸ್, ನಮ್ಮ ಅಪಾರ್ಟ್‌ಮೆಂಟ್ ಮುಂದೆಯೇ ಇದೆ. ಇಲ್ಲಿಯವರು ಅದನ್ನು ‘ತುಓಮಿ’ ಎನ್ನುತ್ತಾರೆ. ಮೇಷ್ಟ್ರು ಹೇಳಿದ ಮರ ಇದಲ್ಲವೇ ಅಲ್ಲ.

ತುಓಮಿ ಹೂವು ಒಂದೊಂದಾಗಿ ಬಿಡುವುದಿಲ್ಲ. ನಮ್ಮ ಕಕ್ಕೆ ಹೂವಿನ ಗೊಂಚಲು ಜೋತು ಬೀಳುತ್ತದಲ್ಲ, ಹಾಗೆ ಬಿಳಿ ಹೂವಿನ ಗೊಂಚಲು ಇಳಿಬೀಳುತ್ತದೆ. ಗೊಂಚಲು ಕಕ್ಕೆಯಷ್ಟು ಉದ್ದ ಇಲ್ಲ. ಜೂನ್ ತಿಂಗಳಲ್ಲಿ ಇಡೀ ರಸ್ತೆ ಘಮ ಎನ್ನುತ್ತದೆ. ಹಣ್ಣು ಬಟಾಣಿ ಗಾತ್ರ, ಮಾಗಿದಾಗ ಕಪ್ಪು. ಒಂದು ಬಾಯಿಗೆ ಹಾಕಿಕೊಂಡರೆ ನಾಲಿಗೆ ಪೂರ್ತಿ ಒಗರು. ನೇರಳೆಕಾಯಿ ತಿಂದ ಹಾಗೆ. ಹಕ್ಕಿಗಳಿಗೆ ಮಾತ್ರ ಅದು ಹಬ್ಬ, ಹೆಸರು ಬಂದದ್ದೂ ಅದಕ್ಕೇ. ಚಳಿಗಾಲದಲ್ಲಿ ಎಲೆ ಪೂರ್ತಿ ಉದುರಿ ಮರ ತಿಂಗಳುಗಟ್ಟಲೆ ಹಿಮದಲ್ಲಿ ನಿಂತಿರುತ್ತದೆ. ಹಿರಿಯೂರಿನ ಬಿಸಿಲಿನಲ್ಲಿ ವರ್ಷವಿಡೀ ಸಿಹಿ ಹಣ್ಣು ಕೊಡುವ ಮರ ಇದಾಗಲು ಸಾಧ್ಯವೇ ಇಲ್ಲ.

ಕೆಂಪುಮಣ್ಣು

ಸರಿ, ಪಾಡಸ್ ಅಲ್ಲ ಅಂತ ಒಪ್ಪಿದೆ. ಏವಿಯಂ ಯಾಕಲ್ಲ? ಅದರ ಹಣ್ಣು ಕೆಂಪು, ಸಿಹಿ, ಹೂವು ಬಿಳಿ, ಐದು ಎಸಳು. ಎಲ್ಲ ಹೊಂದುತ್ತದೆ.

ಬಾಟನಿ ಮೇಡಂ

ಮೇಷ್ಟ್ರಿಗೂ ಕೆಂಪುಮಣ್ಣು ಅವರಿಗೂ ಒಟ್ಟಿಗೇ ಉತ್ತರ ಬರೆಯುತ್ತೇನೆ. ನಾನು ಡಿಗ್ರಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಟ್ಟು ನಿವೃತ್ತಳಾದವಳು. ಈ ಗೊಂದಲವನ್ನು ವಿದ್ಯಾರ್ಥಿಗಳಲ್ಲೂ ಜಾಸ್ತಿ ನೋಡಿದ್ದೇನೆ.

ಪ್ರೂನಸ್ ಏವಿಯಂ ಅಂದರೆ ನಾವು ಅಂಗಡಿಯಲ್ಲಿ ಕೊಳ್ಳುವ ಸಿಹಿ ಚೆರಿ. ಬೇಸಿಗೆಯಲ್ಲಿ ಕಾಶ್ಮೀರ, ಹಿಮಾಚಲದಿಂದ ಚಿಕ್ಕ ಡಬ್ಬಿಗಳಲ್ಲಿ ಬೆಂಗಳೂರಿಗೆ ಬರುತ್ತದಲ್ಲ, ಅದೇ. ಹೆಸರಿನಲ್ಲಿ ‘ಹಕ್ಕಿಗಳ’ ಎಂಬ ಪದ ಇದೆ, ನಿಜ. ಕಾಡಿನಲ್ಲಿ ಬೆಳೆಯುವ ಅದರ ಚಿಕ್ಕ ಹಣ್ಣನ್ನು ಹಕ್ಕಿಗಳು ತಿನ್ನುತ್ತಿದ್ದವು. ಆದರೆ ಇಂಗ್ಲಿಷಿನಲ್ಲಿ ಬರ್ಡ್ ಚೆರಿ ಎಂಬ ಹೆಸರು ನಿಂತದ್ದು ಪ್ರೂನಸ್ ಪಾಡಸ್‌ಗೆ. ಲ್ಯಾಟಿನ್ ಹೆಸರಿನ ಅರ್ಥ ಬಿಡಿಸಿ ಮರ ಗುರುತಿಸಲು ಹೋದರೆ ಇಲ್ಲೇ ಜಾರುತ್ತೇವೆ.

ಇನ್ನೂ ಒಂದು ಸಿಕ್ಕು ಇದೆ. ಗಿಡಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ತಂದ ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಪ್ರೂನಸ್ ಪಾಡಸ್ ಎಂದು ಹೆಸರಿಟ್ಟ. ಫಿಲಿಪ್ ಮಿಲ್ಲರ್ ಎಂಬ ಇಂಗ್ಲಿಷ್ ತೋಟಗಾರ ಪಾಡಸ್ ಅನ್ನೇ ಬೇರೆ ಕುಲ ಎಂದು ಭಾವಿಸಿ, 1768ರಲ್ಲಿ ಅದೇ ಮರಕ್ಕೆ ಪಾಡಸ್ ಏವಿಯಂ ಎಂದು ಕರೆದ. ರಷ್ಯಾದ ಎಷ್ಟೋ ಪುಸ್ತಕಗಳಲ್ಲಿ ಆ ಹೆಸರೇ ಇದೆ. ಈಗ ನೋಡಿ: ಪಾಡಸ್ ಏವಿಯಂ ಅಂದರೆ ಬರ್ಡ್ ಚೆರಿ. ಪ್ರೂನಸ್ ಏವಿಯಂ ಅಂದರೆ ಸಿಹಿ ಚೆರಿ. ಎರಡನೇ ಪದ ಒಂದೇ, ಮರ ಬೇರೆ. ಅದಕ್ಕೇ ನಾನು ಕ್ಲಾಸಿನಲ್ಲಿ ಯಾವಾಗಲೂ ಹೇಳುತ್ತಿದ್ದೆ, ಎರಡೂ ಪದ ಸೇರಿದರೆ ಮಾತ್ರ ಹೆಸರು. ಬರೀ ‘ಏವಿಯಂ’ ಹಿಡಿದು ಹುಡುಕಬಾರದು.

ಮೇಷ್ಟ್ರ ಮರ ಈ ಎರಡೂ ಅಲ್ಲ. ಸುಮ ಹೇಳಿದ್ದೇ ಸರಿ. ಅದು ಮುಂಟಿಂಗಿಯಾ ಕ್ಯಾಲಬುರಾ. ನಮ್ಮ ಕಡೆ ಕೆಲವರು ಅದನ್ನೂ ಬರ್ಡ್ ಚೆರಿ ಎನ್ನುವುದರಿಂದ ಇಷ್ಟೆಲ್ಲ ಆಯಿತು. ಮೂಲ ದಕ್ಷಿಣ ಮೆಕ್ಸಿಕೋ, ಕೆರಿಬಿಯನ್ ದ್ವೀಪಗಳು, ದಕ್ಷಿಣ ಅಮೆರಿಕದ ಬಿಸಿ ನಾಡುಗಳು. ಚೆರಿಗೂ ಇದಕ್ಕೂ ನೆಂಟಸ್ತಿಕೆ ತೀರಾ ದೂರದ್ದು. ಚೆರಿ ಗುಲಾಬಿ ಕುಟುಂಬದ್ದು. ಇದು ದಾಸವಾಳ, ಹತ್ತಿ ಬರುವ ಗಣದ್ದು.

ಹುಡುಗಿಯ ಅಪ್ಪ

ಮೇಷ್ಟ್ರು ಲಿಂಕ್ ಕಳಿಸಿದರು, ಅದಕ್ಕೆ ಬಂದೆ. ಮರ ಕಡಿಸಿ ಎಂದವನು ನಾನೇ.

ನನಗೆ ಯಾರ ಮೇಲೂ ಸಿಟ್ಟಿಲ್ಲ. ಆದರೆ ಸಯನೈಡ್ ಅನ್ನೋ ಪದ ಓದಿದ ಮೇಲೆ ಸುಮ್ನೆ ಇರೋಕಾಗಲ್ಲ. ನಮ್ಮ ಮನೆಯಲ್ಲಿ ದನ ಇವೆ. ಪಕ್ಕದ ಹೊಲದವರ ಹಸು ಕೂಳೆ ಜೋಳದ ಎಳೆ ಚಿಗುರು ಮೇಯ್ದು, ಅರ್ಧ ಗಂಟೆಯಲ್ಲಿ ಕಣ್ಣೆದುರೇ ಬಿದ್ದು ಸತ್ತಿದ್ದನ್ನು ನೋಡಿದ್ದೇನೆ. ಅದೂ ಸಯನೈಡೇ ಎಂದು ಡಾಕ್ಟರು ಹೇಳಿದರು. ನನ್ನ ಮಗಳು ದಿನಾ ಜೇಬು ತುಂಬ ಆ ಹಣ್ಣು ತರುತ್ತಾಳೆ. ಬೀಜ ಉಗುಳುವುದೂ ಇಲ್ಲ, ಹಾಗೇ ನುಂಗುತ್ತಾಳೆ. ಇಲ್ಲಿ ಮೂವರು ಮೂರು ಹೆಸರು ಹೇಳುತ್ತಿದ್ದೀರಿ. ನಿಮ್ಮ ಮಾತು ನಂಬಿ ನಾನು ಹೇಗೆ ಸುಮ್ಮನಾಗಲಿ?

ಬಾಟನಿ ಮೇಡಂ

ನೀವು ಕೇಳಿದ್ದು ನ್ಯಾಯವಾಗಿದೆ. ನನ್ನ ಮಾತು ನಂಬಬೇಡಿ. ನಾಳೆ ಮರದ ಹತ್ತಿರ ಹೋಗಿ ನೀವೇ ನೋಡಿ. ಮೂರು ಕೆಲಸ ಮಾಡಿ.

ಮೊದಲು ಒಂದು ಹಣ್ಣನ್ನು ಬಿಳಿ ಕಾಗದದ ಮೇಲೆ ಹಿಚುಕಿ. ಪ್ರೂನಸ್ ಕುಲದ್ದಾದರೆ ಒಳಗೆ ಒಂದೇ ಒಂದು ಗಟ್ಟಿ ಓಟೆ ಇರಬೇಕು. ಮಾವಿನ ಓಟೆಯ ತೀರಾ ಚಿಕ್ಕ ರೂಪ ಎಂದುಕೊಳ್ಳಿ. ಗಸಗಸೆ ಹಣ್ಣಾದರೆ ಓಟೆಯೇ ಇಲ್ಲ. ರಸದ ಜೊತೆ ಮರಳಿನಷ್ಟು ಸಣ್ಣ ಬೀಜಗಳು ಸಾವಿರಗಟ್ಟಲೆ ಹೊರಬರುತ್ತವೆ.

ಆಮೇಲೆ ಎಲೆ. ಬುಡದಲ್ಲಿ ಒಂದು ಕಡೆ ಅಗಲ ಜಾಸ್ತಿ, ಇನ್ನೊಂದು ಕಡೆ ಕಮ್ಮಿ ಇದ್ದರೆ, ಮೈಮೇಲೆ ಅಂಟಾದ ಸಣ್ಣ ಕೂದಲಿದ್ದರೆ, ಅದು ಮುಂಟಿಂಗಿಯಾ. ಪಾಡಸ್, ಏವಿಯಂ ಎರಡರಲ್ಲೂ ಎಲೆಯ ತೊಟ್ಟಿನ ಮೇಲೆ, ಎಲೆ ಶುರುವಾಗುವ ಕಡೆ, ಸಾಸಿವೆಯ ಹಾಗೆ ಎರಡು ಪುಟ್ಟ ಗಂಟುಗಳಿರುತ್ತವೆ. ಅವು ಇವೆಯೇ ನೋಡಿ.

ಮೂರನೆಯದು ಹೂವು. ಗಸಗಸೆ ಮರದ್ದಾದರೆ ಬೆಳಿಗ್ಗೆ ಅರಳಿದ್ದು ಒಂದು ದಿನವೂ ಬಾಳುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ಎಸಳು ನೆಲದ ಮೇಲೆ. ಅದು ಎಲೆಯ ಬುಡದಲ್ಲಿ ಒಂದೋ ಎರಡೋ ಬಿಡುತ್ತದೆ. ಗೊಂಚಲು ಇಲ್ಲ.

ನಿಮ್ಮ ಜೋಳದ ಅನುಭವ ಇಲ್ಲಿ ತುಂಬ ಉಪಯೋಗದ್ದು. ಎಳೆ ಜೋಳದಲ್ಲಿ ಧುರಿನ್ ಎಂಬ ಅಂಶ ಇದೆ. ಪ್ರೂನಸ್ ಕುಲದ ಮರಗಳ ಎಲೆ, ತೊಗಟೆ, ಓಟೆಯೊಳಗಿನ ಬೀಜದಲ್ಲಿ ಪ್ರುನಾಸಿನ್, ಅಮಿಗ್ಡಾಲಿನ್ ಇವೆ. ಸುಮ್ಮನೆ ಇದ್ದಾಗ ಇವು ವಿಷವಲ್ಲ. ಗಿಡದೊಳಗೆ ಇವು ಒಂದು ಕಡೆ, ಇವನ್ನು ಒಡೆಯುವ ಕಿಣ್ವ ಇನ್ನೊಂದು ಕಡೆ ಇರುತ್ತದೆ. ದನ ಅಗಿದಾಗ, ಬೀಜ ಜಜ್ಜಿದಾಗ ಎರಡೂ ಕೂಡುತ್ತವೆ. ಆಗ ಹೈಡ್ರೋಜನ್ ಸಯನೈಡ್ ಬಿಡುಗಡೆಯಾಗುತ್ತದೆ. ಕಹಿ ಬಾದಾಮಿಯಲ್ಲಿ ಇರುವುದೂ ಇದೇ, ಬಾದಾಮಿಯೂ ಪ್ರೂನಸ್ ಕುಲದ್ದೇ ತಾನೆ. ನೀವು ಓದಿದ ಎಚ್ಚರಿಕೆ ಸುಳ್ಳಲ್ಲ. ಅದು ಬೇರೆ ಮರದ ಎಚ್ಚರಿಕೆ, ಅಷ್ಟೇ. ಗಸಗಸೆ ಹಣ್ಣನ್ನು ಮೆಕ್ಸಿಕೋದಿಂದ ಫಿಲಿಪೈನ್ಸ್‌ವರೆಗೆ ಮಕ್ಕಳು ಬೀಜ ಸಮೇತ ತಿನ್ನುತ್ತಾರೆ.

ಕೆಂಪುಮಣ್ಣು

ಮೇಡಂ, ಓಟೆಯ ವಿಷಯ ಓದಿದ ಮೇಲೆ ನನ್ನ ವಾದ ನಿಲ್ಲಲ್ಲ. ಗಸಗಸೆ ಹಣ್ಣು ನಾನೂ ತಿಂದಿದ್ದೇನೆ, ಓಟೆ ಸಿಕ್ಕಿದ್ದೇ ಇಲ್ಲ. ನನ್ನ ಮಾತು ವಾಪಸ್ ತಗೊಂಡೆ. ಮೇಷ್ಟ್ರು ನನ್ನ ಮಾತು ಕೇಳಿ ಬೋರ್ಡ್ ತಿದ್ದಿದ್ದರೆ ಇನ್ನೊಂದು ತಪ್ಪಾಗುತ್ತಿತ್ತು.

ಗಿಡ ಮಾರುವ ಗಿರಿ

ಇಲ್ಲಿ ನರ್ಸರಿಯವರ ಕಡೆಯಿಂದ ಒಂದು ಮಾತು ಹೇಳಬೇಕು. ನಾನು 20 ವರ್ಷದಿಂದ ಸಸಿ ಮಾರುತ್ತಿದ್ದೇನೆ. ಗಿರಾಕಿ ಬಂದು ‘ಬರ್ಡ್ ಚೆರಿ ಇದೆಯಾ’ ಎಂದೇ ಕೇಳುತ್ತಾರೆ. ‘ಹಕ್ಕಿ ಬರಬೇಕು, ಬೇಗ ನೆರಳಾಗಬೇಕು’ ಎನ್ನುತ್ತಾರೆ. ಅವರಿಗೆ ಬೇಕಾದ್ದು ಗಸಗಸೆ ಮರ, ನಾವು ಕೊಡುವುದೂ ಅದೇ. ಯಾರಿಗೂ ಮೋಸ ಆಗಿಲ್ಲ. ಮುಂಟಿಂಗಿಯಾ ಎಂದರೆ ಯಾರೂ ಕೊಳ್ಳುವುದಿಲ್ಲ.

ಕಾಡುಹಾದಿ

ಗಿರಿ ಅಣ್ಣ, ಮೋಸ ಅಂತ ಯಾರೂ ಹೇಳಲಿಲ್ಲ. ಆದರೆ ಅದೇ ಹೆಸರಿನಿಂದ ಒಂದು ಮರಕ್ಕೆ ಕೊಡಲಿ ಬೀಳುವ ಹಾಗಾಯಿತಲ್ಲ? ಕವರಿನ ಮೇಲೆ ಒಂದು ಚೀಟಿ ಅಂಟಿಸಿ. ಬಾಯಲ್ಲಿ ಬರ್ಡ್ ಚೆರಿ ಎನ್ನಿ, ಚೀಟಿಯಲ್ಲಿ ಸಸ್ಯಶಾಸ್ತ್ರದ ಹೆಸರು ಇರಲಿ. ಹತ್ತು ವರ್ಷದ ಮೇಲೆ ಯಾರಾದರೂ ಹುಡುಕಿದರೆ ಸರಿಯಾದ ಕಡೆ ತಲುಪುತ್ತಾರೆ.

ಅಂದ ಹಾಗೆ ನಮ್ಮ ದೇಶದಲ್ಲೂ ನಿಜವಾದ ಬರ್ಡ್ ಚೆರಿಯ ಹತ್ತಿರದ ನೆಂಟ ಇದೆ. ಪ್ರೂನಸ್ ಕಾರ್ನುಟಾ, ಹಿಮಾಲಯದ ಬರ್ಡ್ ಚೆರಿ. ಹಿಮಾಚಲದಲ್ಲಿ ಚಾರಣಕ್ಕೆ ಹೋದಾಗ ನೋಡಿದ್ದೆ. ಅದೇ ಥರ ಇಳಿಬೀಳುವ ಬಿಳಿ ಗೊಂಚಲು. ಎಷ್ಟೋ ಕಾಯಿಗಳು ಗಂಟುರೋಗದಿಂದ ಉದ್ದಕ್ಕೆ ಬಾಗಿ ಕೊಂಬಿನ ಹಾಗೆ ಆಗುತ್ತವೆ. ಕಾರ್ನುಟಾ ಅಂದರೆ ಕೊಂಬುಳ್ಳದ್ದು. ರೋಗವೇ ಮರಕ್ಕೆ ಹೆಸರು ಕೊಟ್ಟಿದೆ!

ಪಶ್ಚಿಮ ಘಟ್ಟದಲ್ಲೂ ಪ್ರೂನಸ್ ಕುಲದ ಮರ ಇದೆ ಎಂದರೆ ಎಷ್ಟೋ ಜನ ನಂಬಲ್ಲ. ಪ್ರೂನಸ್ ಸೀಲಾನಿಕಾ. ಮಳೆಕಾಡಿನ ಹಸಿರು ಮರ. ಹಳೆಯ ಪುಸ್ತಕಗಳಲ್ಲಿ ಅದು ಪೈಜಿಯಂ ಎಂಬ ಬೇರೆ ಕುಲದಲ್ಲಿತ್ತು.

ನಾಗಭೂಷಣರ ತೋಟ

ನೀವೆಲ್ಲ ಹೇಳುವುದನ್ನು ಓದುತ್ತಾ ಇದ್ದೆ. ನನ್ನದು ಬೇರೆ ಅಭಿಪ್ರಾಯ, ಬೇಸರ ಮಾಡಿಕೊಳ್ಳಬೇಡಿ.

ಸಸ್ಯಶಾಸ್ತ್ರದ ಹೆಸರು ಗಟ್ಟಿ ಎನ್ನುತ್ತೀರಿ. ಆದರೆ ಪಾಡಸ್ ಒಮ್ಮೆ ಬೇರೆ ಕುಲ, ಒಮ್ಮೆ ಪ್ರೂನಸ್ ಒಳಗೆ. ಪೈಜಿಯಂ ಇತ್ತು, ಈಗ ಇಲ್ಲ. ನೀವೇ ಹೇಳಿದ್ದೀರಿ. ಹಾಗಾದರೆ ಯಾವ ಹೆಸರು ನಿಂತಿತು? ನಮ್ಮ ಊರಲ್ಲಿ ಬೇವು ಬೇವೇ, ಹೊಂಗೆ ಹೊಂಗೆಯೇ. ಹೊಂಗೆಗೆ ನನ್ನ ಮಗ ಓದುವಾಗ ಒಂದು ಲ್ಯಾಟಿನ್ ಹೆಸರಿತ್ತು, ಈಗ ಮೊಮ್ಮಗನ ಪುಸ್ತಕದಲ್ಲಿ ಇನ್ನೊಂದಿದೆ. ಮೇಷ್ಟ್ರ ಬೋರ್ಡಿನಲ್ಲಿ ದಪ್ಪ ಅಕ್ಷರದಲ್ಲಿ ‘ಗಸಗಸೆ ಹಣ್ಣಿನ ಮರ’ ಎಂದು ಬರೆದರೆ ಸಾಕು. ಮಗುವಿಗೆ ಅದು ಅರ್ಥವಾಗುತ್ತದೆ. ಮುಂಟಿಂಗಿಯಾ ಎಂದರೆ ಮಗುವಿಗೆ ಏನು ಸಿಗುತ್ತದೆ?

ಬಾಟನಿ ಮೇಡಂ

ನಾಗಭೂಷಣ ಅವರೇ, ಹೊಂಗೆಯ ವಿಷಯದಲ್ಲಿ ನೀವು ಹೇಳಿದ್ದು ಸರಿ. ಪೊಂಗಾಮಿಯಾ ಪಿನ್ನಾಟಾ ಎಂದು ನಾನೇ ವರ್ಷಗಟ್ಟಲೆ ಹೇಳಿಕೊಟ್ಟೆ. ಈಗ ಎಷ್ಟೋ ಕಡೆ ಮಿಲೆಟಿಯಾ ಪಿನ್ನಾಟಾ ಎಂದು ಬರೆಯುತ್ತಾರೆ. ಬದಲಾವಣೆ ಆಗುತ್ತದೆ. ಆದರೆ ಹಳೆಯ ಹೆಸರು ಕಳೆದುಹೋಗುವುದಿಲ್ಲ. ಹಳೆಯದನ್ನು ಹುಡುಕಿದರೂ ಅದೇ ಮರಕ್ಕೇ ದಾರಿ ತೋರಿಸುತ್ತದೆ. ಪಾಡಸ್ ಏವಿಯಂ ಎಂದು ಹುಡುಕಿದವರನ್ನು ಪ್ರೂನಸ್ ಪಾಡಸ್‌ಗೆ ಕರೆದುಕೊಂಡು ಹೋಗುತ್ತದೆ. ಬರ್ಡ್ ಚೆರಿ ಎಂದು ಹುಡುಕಿದ ಮೇಷ್ಟ್ರನ್ನು ಯುರೋಪಿಗೆ ಕರೆದುಕೊಂಡು ಹೋಯಿತು. ನನಗೆ ಇದು ದೊಡ್ಡ ವ್ಯತ್ಯಾಸ.

ಆಮೇಲೆ ‘ಗಸಗಸೆ’ ಎಂಬ ಪದವೂ ಪೂರ್ತಿ ಸುರಕ್ಷಿತ ಅಲ್ಲ. ಪಾಯಸದ ಗಸಗಸೆ ಯಾವ ಗಿಡದ್ದು? ಅದು ಅಫೀಮಿನ ಗಿಡದ ಬೀಜ, ಪಪಾವರ್ ಸಾಮ್ನಿಫೆರಂ. ಈ ಮರದ ಬೀಜ ಅದರಷ್ಟೇ ಸಣ್ಣ ಇರುವುದರಿಂದ ಹಣ್ಣಿಗೆ ಆ ಹೆಸರು ಬಂದಿರಬೇಕು.

ಹಿತ್ತಲ ಸುಮ

ಮೇಡಂ ಹೇಳಿದ್ದು ನಮ್ಮ ಮನೆಯಲ್ಲೇ ಆಗಿದೆ. ನನ್ನ ಮಗ ಚಿಕ್ಕವನಿದ್ದಾಗ ಈ ಹಣ್ಣು ಹಿಚುಕಿ, ಬೀಜ ತೊಳೆದು, ತಟ್ಟೆಯಲ್ಲಿ ಒಣಗಿಸಿ, ‘ಅಮ್ಮ, ಪಾಯಸ ಮಾಡು’ ಎಂದು ತಂದುಕೊಟ್ಟಿದ್ದ. ಎರಡು ದಿನ ಕೂತು ಒಂದು ಚಮಚ ಮಾಡಿದ್ದ ಪಾಪ. ಅವನಿಗೆ ಅಫೀಮಿನ ಗಿಡದ ಕಥೆ ಹೇಗೆ ಹೇಳಲಿ ಎಂದು ಗೊತ್ತಾಗದೆ, ಅಂಗಡಿ ಗಸಗಸೆ ಹಾಕಿ ಪಾಯಸ ಮಾಡಿ ಕೊಟ್ಟೆ.

ಆದರೂ ನನಗೆ ಗಸಗಸೆ ಹಣ್ಣು ಎಂಬ ಹೆಸರೇ ಇಷ್ಟ. ತಮಿಳಿನವರು ತೇನ್ ಪಳಂ, ಅಂದರೆ ಜೇನು ಹಣ್ಣು ಎನ್ನುತ್ತಾರೆ. ಮಲಯಾಳದವರು ಪಂಚಸಾರ ಪಳಂ, ಸಕ್ಕರೆ ಹಣ್ಣು ಎನ್ನುತ್ತಾರೆ. ಅವರು ರುಚಿ ನೋಡಿ ಹೆಸರಿಟ್ಟರು. ನಾವು ಹಣ್ಣು ಬಿಡಿಸಿ ಒಳಗೆ ನೋಡಿ ಹೆಸರಿಟ್ಟೆವು.

ಕಾಡುಹಾದಿ

ಹೆಸರಿನ ಗೊಂದಲ ಅದರ ತವರಿನಲ್ಲೂ ಇದೆ ಸುಮಕ್ಕ. ಮೆಕ್ಸಿಕೋದಲ್ಲಿ ಈ ಮರಕ್ಕೆ ‘ಕಪುಲಿನ್’ ಎಂಬ ಹೆಸರಿದೆ. ಅಲ್ಲೇ ಬೆಳೆಯುವ ಒಂದು ಕಾಡು ಚೆರಿಗೂ, ಅದು ನಿಜವಾದ ಪ್ರೂನಸ್, ‘ಕಪುಲಿನ್’ ಎಂದೇ ಹೆಸರು. ಓಟೆ ಇರುವುದೂ ಕಪುಲಿನ್, ಓಟೆ ಇಲ್ಲದ್ದೂ ಕಪುಲಿನ್. ನಾಗಭೂಷಣ ಸರ್, ಊರ ಹೆಸರು ಬೇಡ ಎಂದು ನಾನು ಹೇಳುತ್ತಿಲ್ಲ. ಒಂದೇ ಊರಲ್ಲಿ ಎರಡು ಮರಕ್ಕೆ ಒಂದೇ ಹೆಸರಿದ್ದಾಗ ಏನು ಮಾಡಬೇಕು ಎಂಬುದಷ್ಟೇ ನನ್ನ ಪ್ರಶ್ನೆ.

ನಮ್ಮಲ್ಲೂ ಚೆರಿ ಎಂಬ ಪದ ಸಿಕ್ಕಸಿಕ್ಕಿದ್ದಕ್ಕೆಲ್ಲ ಅಂಟಿಕೊಂಡಿದೆ. ಬೇಕರಿ ಬನ್ನಿನ ಮೇಲೆ ಇಡುವ ಕೆಂಪು ‘ಚೆರಿ’ ಎಷ್ಟೋ ಸಲ ಬಣ್ಣ, ಸಕ್ಕರೆ ಹಾಕಿದ ಕವಳೆಕಾಯಿ. ಬೆಂಗಳೂರಿನಲ್ಲಿ ಗುಲಾಬಿ ಬಣ್ಣದ ಟಬೂಬಿಯಾ ಅರಳಿದಾಗ ಚೆರಿ ಬ್ಲಾಸಮ್ ಎನ್ನುತ್ತಾರೆ. ಅದೂ ಚೆರಿ ಅಲ್ಲ.

ನಾಗಭೂಷಣರ ತೋಟ

ಕಪುಲಿನ್ ಮಾತು ಯೋಚಿಸಬೇಕಾದ್ದೇ. ಎರಡೂ ಹೆಸರು ಇರಲಿ, ಒಪ್ಪಿದೆ. ಆದರೆ ಕನ್ನಡದ್ದು ಮೇಲೆ, ದಪ್ಪಕ್ಕೆ ಇರಬೇಕು. ಅದನ್ನು ಬಿಡುವುದಿಲ್ಲ.

ಇನ್ನೊಂದು ಪ್ರಶ್ನೆ. ಹೊರದೇಶದ ಮರ ಎಂದರಲ್ಲ. ನಮ್ಮ ಶಾಲೆಗಳಲ್ಲಿ ಅತ್ತಿ, ಬಸರಿ, ಗೋಣಿ ನೆಡುವುದು ಬಿಟ್ಟು ಇದನ್ನು ಯಾಕೆ ನೆಡಬೇಕು?

ಗಿಡ ಮಾರುವ ಗಿರಿ

ನೆಟ್ಟ ಎರಡು ವರ್ಷಕ್ಕೆ ನೆರಳು, ಹಣ್ಣು ಎರಡೂ ಸಿಗುತ್ತವೆ ಸರ್. ಅತ್ತಿಗೆ ಅಷ್ಟು ಹೊತ್ತು ಕಾಯುವವರು ಕಡಿಮೆ.

ಕಾಡುಹಾದಿ

ಹೊಸದಾಗಿ ನೆಡುವುದಾದರೆ ನಾನೂ ನಾಗಭೂಷಣ ಸರ್ ಪಕ್ಷ. ಬಸರಿ, ಅತ್ತಿ ನೆಡಿ. ಜಾಗ ಇದ್ದರೆ ಮೊದಲು ಅವೇ. ಈಗಾಗಲೇ ಬೆಳೆದು ನಿಂತ ಗಸಗಸೆ ಮರವನ್ನು ಕಡಿಯುವುದು ಬೇರೆ ವಿಷಯ. ಅದರಲ್ಲಿ ಪಿಕಳಾರ, ಗೊರವಂಕ, ಕುಟ್ರುಹಕ್ಕಿ, ಕೋಗಿಲೆ, ಅಳಿಲು ಎಲ್ಲ ಇರುತ್ತವೆ. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ಬದನಿಕೆ ಹಕ್ಕಿಯನ್ನು ಹತ್ತಿರದಿಂದ ನೋಡಬೇಕಾದರೆ ಈ ಮರದ ಕೆಳಗೆ ಕೂತರೆ ಆಯಿತು. ರಾತ್ರಿ ಬಾವಲಿ.

ಬಾವಲಿ ಎಂದ ಮೇಲೆ ಮೇಷ್ಟ್ರಿಗೆ ಒಂದು ಮಾತು. ಕಚ್ಚಿದ ಹಣ್ಣು, ನೆಲಕ್ಕೆ ಬಿದ್ದ ಹಣ್ಣು ಬೇಡ ಎಂದು ಮಕ್ಕಳಿಗೆ ಹೇಳಿ. ಕಿತ್ತದ್ದನ್ನು ನಲ್ಲಿಯಲ್ಲಿ ತೊಳೆದು ತಿನ್ನಲಿ. ಮರ ಹತ್ತಲು ಮಾತ್ರ ಬಿಡಬೇಡಿ. ಬೇಗ ಬೆಳೆಯುವ ಮೆದು ಮರ, ಕೊಂಬೆ ಪಟ್ಟನೆ ಮುರಿಯುತ್ತದೆ.

ಔಲು ಕನ್ನಡಿಗ

ನೀವು ಕೊಡಲಿ ಎಂದಾಗ ನನಗೆ ಇಲ್ಲಿಯ ತುಓಮಿ ನೆನಪಾಯಿತು. ಬೇಸಿಗೆಯಲ್ಲಿ ಒಂದು ಜಾತಿಯ ಬಿಳಿ ಪತಂಗದ ಹುಳುಗಳು ಇಡೀ ಮರವನ್ನು ಬೋಳು ಮಾಡುತ್ತವೆ. ಬುಡದಿಂದ ತುದಿವರೆಗೆ ಬೆಳ್ಳಗೆ ಬಲೆ ನೇಯುತ್ತವೆ. ಮೊದಲ ಸಲ ನೋಡಿದಾಗ ಯಾರೋ ಮರಕ್ಕೆ ಬಟ್ಟೆ ಸುತ್ತಿದ್ದಾರೆ ಅಂದುಕೊಂಡೆ. ಇದು ಸತ್ತೇ ಹೋಯಿತು, ಕಡಿಯುತ್ತಾರೆ ಅಂದುಕೊಂಡೆ. ಪಕ್ಕದ ಮನೆಯ ಅಜ್ಜಿ ‘ಸುಮ್ಮನೆ ಬಿಡು’ ಎಂದರು. ಸ್ವಲ್ಪ ದಿನಕ್ಕೆ ಮತ್ತೆ ಚಿಗುರಿತು.

ರೈತರಿಗೂ ಈ ಮರ ಬೇಕಾದ ಮರವೂ ಹೌದು, ತಲೆನೋವೂ ಹೌದು. ಒಂದು ಬಗೆಯ ಸಸ್ಯಹೇನು ಚಳಿಗಾಲವಿಡೀ ಮೊಟ್ಟೆಯಾಗಿ ಇದರ ಮೊಗ್ಗಿನ ಹತ್ತಿರ ಕೂತು, ಬೇಸಿಗೆಗೆ ಓಟ್ಸ್, ಬಾರ್ಲಿ ಹೊಲಗಳಿಗೆ ಹಾರುತ್ತದೆ. ಬಾರ್ಲಿ ಹಳದಿ ಮಾಡುವ ವೈರಸ್ ಹರಡುವುದೂ ಅದೇ. ಆ ಸಸ್ಯಹೇನಿನ ಹೆಸರು ರೋಪಲೋಸೈಫಂ ಪಾಡಿ. ನೋಡಿ, ಹುಳದ ಹೆಸರಿನಲ್ಲೂ ಪಾಡಸ್. ಚಳಿಗಾಲದಲ್ಲಿ ಈ ಮರದ ಮೇಲೆ ಮೊಟ್ಟೆ ಎಣಿಸಿ, ಮುಂದಿನ ಬೆಳೆಗೆ ಕಾಟ ಎಷ್ಟಿರಬಹುದು ಎಂದು ಇಲ್ಲಿ ಅಂದಾಜು ಮಾಡುತ್ತಾರೆ. ಮರದ ಹೆಸರು ತಪ್ಪಾದರೆ ಆ ಎಣಿಕೆಯೂ ತಪ್ಪು.

ಹುಡುಗಿಯ ಅಪ್ಪ

ಇವತ್ತು ಬೆಳಿಗ್ಗೆ ಶಾಲೆಗೆ ಹೋಗಿ ನೋಡಿದೆ. ಮಗಳನ್ನೂ ಕರೆದುಕೊಂಡು ಹೋಗಿದ್ದೆ.

ಮೇಡಂ ಹೇಳಿದ ಹಾಗೇ ಬಿಳಿ ಹಾಳೆ ಮೇಲೆ ಹಣ್ಣು ಹಿಚುಕಿದೆವು. ಓಟೆ ಇಲ್ಲ. ಬರೀ ಸಣ್ಣ ಬೀಜ. ಮಗಳು ಎಣಿಸುತ್ತೇನೆ ಎಂದು ಕೂತಳು, 400 ದಾಟಿದ ಮೇಲೆ ಬಿಟ್ಟಳು, ಹಾಳೆಯ ಒಂದು ಮೂಲೆಯೂ ಮುಗಿದಿರಲಿಲ್ಲ. ಎಲೆ ಬುಡ ಓರೆ ಇದೆ. ತೊಟ್ಟಿನ ಮೇಲೆ ಗಂಟು ಇಲ್ಲ. ಒಂದು ಹತ್ತು ಎಲೆ ನೋಡಿದೆ.

ಶನಿವಾರ ಸಭೆಗೆ ನಾನೂ ಬರುತ್ತೇನೆ. ಮರ ಕಡಿಯುವುದು ಬೇಡ ಎಂದು ನಾನೇ ಹೇಳುತ್ತೇನೆ. ಆದರೆ ಬೋರ್ಡ್ ಮೊದಲು ಬದಲಾಯಿಸಿ ಮೇಷ್ಟ್ರೇ. ನನ್ನ ಹಾಗೆ ಇನ್ನೊಬ್ಬರು ಹುಡುಕುತ್ತಾರೆ.

ಹಿರಿಯೂರು ಮೇಷ್ಟ್ರು

ನಿಮಗೆ ದೊಡ್ಡ ನಮಸ್ಕಾರ. ತಪ್ಪು ನನ್ನದು. ಮರ ನೋಡದೆ ಹೆಸರು ಹುಡುಕಿದೆ. ನೀವು ಹೆಸರು ಬಿಟ್ಟು ಮರ ನೋಡಿದಿರಿ. ಹಳೆಯ ಬೋರ್ಡ್ ಇವತ್ತೇ ಇಳಿಸಿದ್ದೇನೆ.

ಈಗ ಉಳಿದಿರುವುದು ಬರೆಯುವ ರೀತಿ. ಕನ್ನಡದಲ್ಲಿ ಮುಂಟಿಂಗಿಯಾ ಎಂದು ಬರೆಯಬೇಕೋ, ಮುಂಟಿಂಜಿಯಾ ಎಂದೋ? ಮಕ್ಕಳು ಎರಡು ಗುಂಪಾಗಿ ಜಗಳವಾಡುತ್ತಿದ್ದಾರೆ.

ಬಾಟನಿ ಮೇಡಂ

‘ಗಿ’ ಎಂದೇ ಬರೆಸಿ. ಆ ಹೆಸರು ಒಬ್ಬ ಮನುಷ್ಯನದ್ದು. ಅಬ್ರಹಾಂ ಮುಂಟಿಂಗ್, ಹಾಲೆಂಡಿನ ಗ್ರೋನಿಂಗನ್ ಊರಿನ ಸಸ್ಯಶಾಸ್ತ್ರಜ್ಞ. 1683ರಲ್ಲಿ ತೀರಿಕೊಂಡ. ಕೆರಿಬಿಯನ್ ದ್ವೀಪಗಳಲ್ಲಿ ಗಿಡ ಹುಡುಕುತ್ತಾ ತಿರುಗಿದ ಶಾರ್ಲ್ ಪ್ಲೂಮಿಯೆ ಎಂಬ ಫ್ರೆಂಚ್ ಸನ್ಯಾಸಿ ಅವನ ನೆನಪಿಗೆ ಈ ಹೆಸರಿಟ್ಟ. ನಮ್ಮ ದೇವಸ್ಥಾನಗಳ ಮುಂದಿನ ದೇವಕಣಗಿಲೆಗೆ ಪ್ಲುಮೇರಿಯಾ ಎನ್ನುತ್ತಾರಲ್ಲ, ಅದು ಈ ಪ್ಲೂಮಿಯೆಯ ಹೆಸರು. 1753ರಲ್ಲಿ ಲಿನೇಯಸ್ ಮುಂಟಿಂಗಿಯಾವನ್ನು ಹಾಗೇ ಉಳಿಸಿಕೊಂಡು ಕ್ಯಾಲಬುರಾ ಸೇರಿಸಿದ. ಪ್ರೂನಸ್ ಪಾಡಸ್ ಎಂದು ಹೆಸರಿಟ್ಟ ಅದೇ ವರ್ಷ, ಅದೇ ಪುಸ್ತಕದಲ್ಲಿ. ಮುಂಟಿಂಗ್ ಈ ಮರದ ನೆರಳಲ್ಲಿ ಕೂತವನಲ್ಲ. ಆದರೂ ಹಿರಿಯೂರಿನ ಮಕ್ಕಳು ಅವನ ಹೆಸರು ಬರೆಯುತ್ತಿದ್ದಾರೆ, ನನಗೆ ಅದು ಖುಷಿ.

ಕನ್ನಡದ ಕೆಳಗೆ ಲ್ಯಾಟಿನ್ ಅಕ್ಷರದಲ್ಲೂ ಬರೆಸಿ, ಹುಡುಕುವವರಿಗೆ ಸುಲಭ. ಮೊದಲ ಪದದ ಮೊದಲ ಅಕ್ಷರ ಮಾತ್ರ ದೊಡ್ಡದು. ಎರಡನೇ ಪದ ಪೂರ್ತಿ ಚಿಕ್ಕ ಅಕ್ಷರ. ಓರೆಯಾಗಿ ಬರೆಯಲು ಆಗದಿದ್ದರೆ ಅಡಿಗೆರೆ ಹಾಕಿ.

ನಾಗಭೂಷಣರ ತೋಟ

ಗಸಗಸೆ ಹಣ್ಣಿನ ಮರ ಎನ್ನುವುದು ಮೇಲೆ ಇದೆ ತಾನೆ?

ಹಿರಿಯೂರು ಮೇಷ್ಟ್ರು

ಇದೆ ಸರ್, ಕೆಂಪು ಬಣ್ಣದಲ್ಲಿ, ದಪ್ಪಕ್ಕೆ. ಅದರ ಕೆಳಗೆ ಮುಂಟಿಂಗಿಯಾ ಕ್ಯಾಲಬುರಾ. ಅದಕ್ಕೂ ಕೆಳಗೆ ಮಕ್ಕಳೇ ಒಂದು ಸಾಲು ಸೇರಿಸಿದ್ದಾರೆ: ‘ಹಣ್ಣು ತೊಳೆದು ತಿನ್ನಿ, ಮರ ಹತ್ತಬೇಡಿ.’ ಮೇಡಂ, ಎರಡನೇ ಪದದ ಮೊದಲ ಅಕ್ಷರವನ್ನು ಹುಡುಗರು ದೊಡ್ಡದು ಬರೆದುಬಿಟ್ಟಿದ್ದಾರೆ. ಬಣ್ಣ ಇನ್ನೂ ಹಸಿ ಇದೆ, ಈಗಲೇ ಹೋಗಿ ತಿದ್ದಿಸುತ್ತೇನೆ.